ಟರ್ನರಿ ತಪ್ಪುಗಳು: ಪಿಎಚ್‌ಪಿ ಯಾವುದನ್ನು ಹಿಡಿಯುತ್ತೆ, ಯಾವುದನ್ನು ಬಿಡುತ್ತೆ?

[ಪರದೆ: ಸುಂಟಿಕೊಪ್ಪದ ಕಾಫಿ ತೋಟ, ಮಳೆ ಲೆಕ್ಕದ ಪುಸ್ತಕ]

ನಮಸ್ಕಾರ. ಕೊಡಗಿನ ತೋಟಗಳಲ್ಲಿ ಮಾರ್ಚ್ ಬಂತೆಂದರೆ ಎಲ್ಲರ ಕಣ್ಣು ಕಾಫಿ ಹೂ ಅರಳಿಸುವ ಹೂಮಳೆ ಮೇಲೆ. ಒಂದು ಇಂಚು ಬಿದ್ದರೆ ಸಾಕು, ಅರೆಬರೆ ಬಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಈ ಲೆಕ್ಕವನ್ನು ವೆಬ್‌ಸೈಟ್‌ಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯಲ್ಲಿ ಟರ್ನರಿ ಬಳಸಿ ಒಂದೇ ಸಾಲಲ್ಲಿ ಬರೆಯೋಣ. ಟರ್ನರಿ ಅಂದರೆ "ಷರತ್ತು ? ನಿಜವಾದರೆ ಇದು : ಇಲ್ಲದಿದ್ದರೆ ಅದು" ಎಂಬ ರೂಪ. ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು.

[ಪರದೆ: ಕೋಡ್]

$ಫಲ = $ಮಳೆ >= 1 ? "ಸಾಕು" : $ಮಳೆ > 0 ? "ಸ್ಪ್ರಿಂಕ್ಲರ್ ಹಾಕಿ" : "ಮಳೆಯಿಲ್ಲ";

ಪಿಎಚ್‌ಪಿ 8ರಲ್ಲಿ ಇದು ಫೇಟಲ್ ಎರರ್, ಅಂದರೆ ಪ್ರೋಗ್ರಾಂ ಅಲ್ಲೇ ನಿಲ್ಲಿಸುವ ತಪ್ಪು. ಮೊದಲು ಹೀಗಿರಲಿಲ್ಲ, ಸದ್ದಿಲ್ಲದೆ ಓಡುತ್ತಿತ್ತು. ಆದರೆ ಎಡಗಡೆಯ ಟರ್ನರಿಯನ್ನು ಮೊದಲು ಮುಗಿಸುತ್ತಿತ್ತು. ಮಳೆ 1.5 ಇಂಚು ಅಂದುಕೊಳ್ಳಿ. ಮೊದಲ ಉತ್ತರ "ಸಾಕು". ಖಾಲಿಯಲ್ಲದ ಆ ಸ್ಟ್ರಿಂಗೇ, ಅಂದರೆ ಆ ಪಠ್ಯವೇ, ಎರಡನೇ ಪ್ರಶ್ನೆಗೆ ಷರತ್ತಾಗಿ "ನಿಜ" ಎನಿಸಿಕೊಂಡು, ಕೊನೆಗೆ ಬರುತ್ತಿದ್ದದ್ದು "ಸ್ಪ್ರಿಂಕ್ಲರ್ ಹಾಕಿ"! ಅದಕ್ಕೇ 2019ರ 7.4ರಲ್ಲಿ ಎಚ್ಚರಿಕೆ ಕೊಟ್ಟು, 2020ರ 8.0ರಲ್ಲಿ ನಿಲ್ಲಿಸಿಯೇ ಬಿಟ್ಟರು. ಒಳ್ಳೆಯ ತೀರ್ಮಾನ. ಎರಡನೇ ಟರ್ನರಿಗೆ ಆವರಣ ಹಾಕಿ:

$ಫಲ = $ಮಳೆ >= 1 ? "ಸಾಕು" : ($ಮಳೆ > 0 ? "ಸ್ಪ್ರಿಂಕ್ಲರ್ ಹಾಕಿ" : "ಮಳೆಯಿಲ್ಲ");

ಈಗ ಪರೀಕ್ಷೆ. ಸ್ಟ್ರಿಂಗಿನಲ್ಲಿರುವ ಕೋಡನ್ನು ಓಡಿಸುವ ಇವಾಲ್ ಒಳಗೆ ಕೋಡ್ ಹಾಕಿ, ತಪ್ಪು ಬಂದರೆ ಹಿಡಿದುಕೊಳ್ಳುವ ಟ್ರೈ-ಕ್ಯಾಚ್‌ನಲ್ಲಿ ಹಿಡಿಯೋಣ ಎಂದರೆ ಅರ್ಧ ಕೆಲಸ ಮಾತ್ರ ಆಗುತ್ತೆ. ಕೋಲನ್ ಬಿಟ್ಟುಹೋದರೆ ಅದು ಪಾರ್ಸ್ ಎರರ್, ಅಂದರೆ ಕೋಡಿನ ವ್ಯಾಕರಣ ತಪ್ಪು, ಕ್ಯಾಚ್‌ಗೆ ಸಿಗುತ್ತೆ. ಆವರಣವಿಲ್ಲದೆ ಒಂದಕ್ಕೊಂದು ಜೋಡಿಸಿದ ಟರ್ನರಿ ಸರಪಳಿ ಹಾಗಲ್ಲ. ಅದು ಕೋಡ್ ಓಡುವ ಮೊದಲಿನ ಕಂಪೈಲ್ ಹಂತದ ಫೇಟಲ್ ಎರರ್, ಕ್ಯಾಚ್ ಮುಟ್ಟುವ ಮೊದಲೇ ನಿಮ್ಮ ಟೆಸ್ಟ್ ಸ್ಕ್ರಿಪ್ಟೇ ಸತ್ತುಹೋಗುತ್ತೆ. ಹಾಗಾಗಿ ಒಂದೊಂದು ತಪ್ಪಿಗೂ ಒಂದೊಂದು ಫೈಲ್ ಮಾಡಿ, ಟರ್ಮಿನಲ್‌ನಲ್ಲಿ ಪಿಎಚ್‌ಪಿ ಕಮಾಂಡಿಗೆ ಹೈಫನ್ ಮತ್ತು ಸಣ್ಣ ಎಲ್ ಸೇರಿಸಿ (php -l) ಓಡಿಸಿ. ಇದು ಕೋಡನ್ನು ಓಡಿಸದೆ ಸಿಂಟ್ಯಾಕ್ಸ್ ಮಾತ್ರ ನೋಡುತ್ತೆ. ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್, 0 ಬಂದರೆ ಸರಿ, 255 ಬಂದರೆ ತಪ್ಪು. ಫೈಲ್ ಶುರುವಿನ ಪಿಎಚ್‌ಪಿ ಟ್ಯಾಗ್ ಮರೆತರೆ ಇಡೀ ಫೈಲು ಬರೀ ಪಠ್ಯವಾಗಿ, ಯಾವ ತಪ್ಪಿದ್ದರೂ 0 ಬರುತ್ತೆ. ಇದನ್ನು ಮೊದಲು ನೋಡಿಕೊಳ್ಳಿ.

ತಪ್ಪಾಗದ ರೂಪಗಳನ್ನೂ ಪರೀಕ್ಷೆಗೆ ಸೇರಿಸಿ: ನಡುವಿನ ಉತ್ತರ ಬಿಟ್ಟು ಬರೆಯುವ ?: ಮಾತ್ರ ಇರುವ ಸರಪಳಿಗೆ ಆವರಣ ಬೇಡ, ? ಮತ್ತು : ಇವುಗಳ ಮಧ್ಯದಲ್ಲಿ ಕೂತ ಟರ್ನರಿಗೂ ಬೇಡ.

[ಪರದೆ: ಕೊನೆಯ ಸಾಲು]

$ಸಾಲು = "ಮಳೆ: " . $ಮಳೆ >= 1 ? "ಸಾಕು" : "ಸಾಲದು";

ಇದಕ್ಕೆ ಎಕ್ಸಿಟ್ ಕೋಡ್ 0 ಬರುತ್ತೆ, ಆದರೆ ಉತ್ತರ ತಪ್ಪು. ಪಠ್ಯ ಜೋಡಿಸುವ ಚುಕ್ಕಿ ಮೊದಲು ಕೆಲಸ ಮಾಡುವುದರಿಂದ, ಮಳೆ 0.3 ಇಂಚಾದರೆ "ಮಳೆ: 0.3" ಎಂಬ ಸ್ಟ್ರಿಂಗನ್ನೇ 1ರ ಜೊತೆ ಹೋಲಿಸುತ್ತೆ. ಪಿಎಚ್‌ಪಿ 7ರಲ್ಲಿ ಎಷ್ಟು ಮಳೆ ಬಿದ್ದರೂ "ಸಾಲದು", 8ರಲ್ಲಿ ಹನಿ ಬೀಳದಿದ್ದರೂ "ಸಾಕು". ಸಿಂಟ್ಯಾಕ್ಸ್ ಪರೀಕ್ಷೆಗೆ ಇದು ಸಿಗಲ್ಲ. 0.3 ಮತ್ತು 1.5 ಎರಡನ್ನೂ ಕೊಟ್ಟು ಓಡಿಸಿಯೇ ನೋಡಬೇಕು. ಟರ್ನರಿ ಪೂರ್ತಿಗೆ ಆವರಣ ಹಾಕಿದರೆ ಸರಿಹೋಗುತ್ತೆ:

$ಸಾಲು = "ಮಳೆ: " . ($ಮಳೆ >= 1 ? "ಸಾಕು" : "ಸಾಲದು");