ಕಬ್ಬನ್ ಉದ್ಯಾನದ ಕೆಂಪು ಕಟ್ಟಡ ಮತ್ತು ನಮ್ಮ ಆರು ಪೈಸೆ

ನಮಸ್ಕಾರ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಓಡಾಡಿದ ಎಲ್ಲರೂ ಆ ಕೆಂಪು ಕಟ್ಟಡವನ್ನು ನೋಡಿಯೇ ಇರುತ್ತಾರೆ. ಹಲವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಒಳಗೆ ಹೋಗಿ ಕೂತು ಓದಬಹುದೆಂಬುದು ಅವರಿಗೆ ಹೊಳೆಯುವುದೇ ಇಲ್ಲ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೆಂದು ಕರೆಯುವ ಆ ಕಟ್ಟಡದಲ್ಲೇ ಈ ನಗರದ ಸಾರ್ವಜನಿಕ ಗ್ರಂಥಾಲಯ ಬೇರುಬಿಟ್ಟಿತು. ಅದರ ಚರಿತ್ರೆಯನ್ನು ಇಂದು ಹೇಳಲು ಹೊರಟಿರುವುದಕ್ಕೆ ಕಾರಣವಿದೆ. ಆ ಗ್ರಂಥಾಲಯಕ್ಕೂ ನಿಮ್ಮ ಮನೆಯ ತೆರಿಗೆ ರಸೀದಿಗೂ ನೇರವಾದ ನಂಟಿದೆ.

ಅದಕ್ಕಿಂತ ಮೊದಲು ಬೆಂಗಳೂರಿನಲ್ಲಿ ಪುಸ್ತಕಗಳೇ ಇರಲಿಲ್ಲವೆಂದಲ್ಲ. ನಮ್ಮ ಶಾಸನಗಳನ್ನು ಸಂಪುಟ ಸಂಪುಟವಾಗಿ ಬೆಳಕಿಗೆ ತಂದ ಬಿ.ಎಲ್. ರೈಸ್ ಅವರು 1868ರಲ್ಲೇ ದಂಡು ಪ್ರದೇಶದಲ್ಲಿ ಗ್ರಂಥಾಲಯವಿದ್ದ ಬೌರಿಂಗ್ ಇನ್‌ಸ್ಟಿಟ್ಯೂಟನ್ನು ಆರಂಭಿಸಿದ್ದರು. ಆದರೆ ಅದು ಸದಸ್ಯರ ಸಂಸ್ಥೆ. ಪೇಟೆಯ ಓಣಿಯಲ್ಲಿ ಬೆಳೆದು, ಅಕ್ಷರ ಕಲಿತು, ಪುಸ್ತಕ ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಹುಡುಗನಿಗೆ ಅಂಥ ಸಂಸ್ಥೆಯ ಬಾಗಿಲು ದೂರದ ಮಾತೇ ಆಗಿತ್ತು.

ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು. ಹೆಸರಘಟ್ಟದಿಂದ ನಗರಕ್ಕೆ ನಲ್ಲಿ ನೀರು ಬಂದದ್ದು ಅವರ ಕಾಲದಲ್ಲಿ. ಶಿವನಸಮುದ್ರದ ವಿದ್ಯುತ್ ಯೋಜನೆ ರೂಪುಗೊಂಡದ್ದೂ ಅವರ ಕಾಲದಲ್ಲೇ. ಉದ್ಯಾನದಲ್ಲಿರುವ ಅವರ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದರು. ಒಬ್ಬ ಆಡಳಿತಗಾರನ ನೆನಪಿಗೆ ಕಟ್ಟಿದ ಭವನವು ವರ್ಷಕ್ಕೊಂದು ಸಭೆ, ಒಂದು ಹೂಮಾಲೆಗೆ ಮಾತ್ರ ತೆರೆದುಕೊಂಡು ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರಬಹುದಿತ್ತು. ಅಂಥ ಭವನಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಲಿಲ್ಲ. ಪ್ರತಿಮೆ ಅನಾವರಣವಾದ ಒಂದೆರಡು ವರ್ಷಗಳಲ್ಲೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಗರಕ್ಕೆ ಸಾರ್ವಜನಿಕ ಗ್ರಂಥಾಲಯವೊಂದು ದೊರೆಯಿತು.

ವಿಶ್ವೇಶ್ವರಯ್ಯನವರೆಂದರೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ, ಭದ್ರಾವತಿಯ ಕಬ್ಬಿಣ ನೆನಪಾಗುತ್ತದೆ. ಆದರೆ ಅದೇ ಕೆಲವು ವರ್ಷಗಳ ಒಳಗೆ ನಡೆದ ಉಳಿದ ಕೆಲಸಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು: 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಆಗ ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಓದುವವರ ಸಂಖ್ಯೆ ಹೆಚ್ಚಲಿ, ಆಮೇಲೆ ಗ್ರಂಥಾಲಯದ ಮಾತು ಎಂದು ಕಾಯುತ್ತ ಕೂರಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಹಾಗೆ ಕಾಯದೆ ಶಾಲೆಯನ್ನೂ ಗ್ರಂಥಾಲಯವನ್ನೂ ಒಟ್ಟಿಗೇ ಎತ್ತಿಕೊಂಡದ್ದು, ನನ್ನ ಮಟ್ಟಿಗೆ, ಅಣೆಕಟ್ಟಿನಷ್ಟೇ ದೊಡ್ಡ ಕೆಲಸ.

ಈ ಕಥೆಯ ಎರಡನೆಯ ತಿರುವು ಕಾನೂನಿನದು. ಗ್ರಂಥಾಲಯವು ಒಬ್ಬ ದಿವಾನರ ಒಲವನ್ನೋ ಒಬ್ಬ ದಾನಿಯ ಔದಾರ್ಯವನ್ನೋ ನೆಚ್ಚಿಕೊಂಡರೆ ಆ ವ್ಯಕ್ತಿಯೊಂದಿಗೇ ಸೊರಗುತ್ತದೆ ಎಂಬುದನ್ನು ಬಲ್ಲವರು ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್. 1948ರ ಮದ್ರಾಸ್ ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ಶ್ರಮವಿತ್ತು. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರಲ್ಲಿ ಬಂತು. ಅದರ ಫಲವಾಗಿ ಗ್ರಂಥಾಲಯ ಇಲಾಖೆ ಹುಟ್ಟಿತು, ಕಬ್ಬನ್ ಉದ್ಯಾನದ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಂಥಾಲಯ ಕರ ಜಾರಿಗೆ ಬಂತು.

ಈಗ ರಸೀದಿಗೆ ಬರೋಣ. ನಿಮ್ಮ ಆಸ್ತಿ ತೆರಿಗೆಯ ಲೆಕ್ಕದಲ್ಲಿ ಮೂಲ ತೆರಿಗೆಯ ಕೆಳಗೆ ಸೆಸ್, ಅಂದರೆ ಉಪಕರ, ಎಂದು ಒಂದು ಮೊತ್ತ ಇರುತ್ತದೆ. ಅದರಲ್ಲಿ ಆರೋಗ್ಯದ ಪಾಲಿದೆ, ಭಿಕ್ಷುಕರ ಪುನರ್ವಸತಿಯ ಪಾಲಿದೆ, ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯದ ಪಾಲೂ ಇದೆ. 5,000 ರೂಪಾಯಿ ತೆರಿಗೆ ಕಟ್ಟುವ ಮನೆ ವರ್ಷಕ್ಕೆ 300 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಡುತ್ತದೆ. ಸಾಧಾರಣ ಬೆಲೆಯ ಒಂದೆರಡು ಕನ್ನಡ ಪುಸ್ತಕಗಳ ಹಣ ಅದು. ಹೀಗೆ ಸಂಗ್ರಹವಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಕಾಲಕಾಲಕ್ಕೆ ಒಪ್ಪಿಸಬೇಕು. ಒಪ್ಪಿಸದೆ ಬಾಕಿ ಉಳಿಸಿಕೊಂಡ ಸುದ್ದಿಯನ್ನು ನಾವು ವರ್ಷಗಳಿಂದ ಓದುತ್ತಲೇ ಇದ್ದೇವೆ. ರಸ್ತೆಯ ಗುಂಡಿಗೆ ಪ್ರತಿಭಟನೆ ನಡೆಯುತ್ತದೆ, ನೀರು ಬಾರದಿದ್ದರೆ ಖಾಲಿ ಕೊಡ ಹಿಡಿದು ಜನ ಬೀದಿಗಿಳಿಯುತ್ತಾರೆ. ಗ್ರಂಥಾಲಯದ ಹಣ ಗ್ರಂಥಾಲಯಕ್ಕೆ ಸೇರಲಿಲ್ಲವೆಂದು ಯಾರೂ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ, ಮತ್ತು ಈ ಮೌನ ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಮೊಬೈಲ್ ಬಂದ ಮೇಲೆ ಗ್ರಂಥಾಲಯಕ್ಕೆ ಯಾರು ಹೋಗುತ್ತಾರೆ ಎಂದು ಕೇಳುವವರಿದ್ದಾರೆ. ಅಂಥವರು ಯಾವುದಾದರೂ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಬೆಳಗಿನ ಹೊತ್ತು ಹೋಗಿ ನೋಡಬೇಕು. ನಾನು ಹೋಗುವಲ್ಲಿ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಾಲ್ಕಾರು ಹುಡುಗ ಹುಡುಗಿಯರು ಕಾದಿರುತ್ತಾರೆ. ಬೆನ್ನಿಗೆ ಚೀಲ, ಅದರ ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ, ಕೈಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು. ಗೋಡೆಯ ಪಕ್ಕದ ಮೇಜು ಮೊದಲು ತುಂಬುತ್ತದೆ, ಫ್ಯಾನು ಸರಿಯಾಗಿ ತಿರುಗುವುದು ಅಲ್ಲಿ ಮಾತ್ರ. ಒಂದೇ ಕೋಣೆಯಲ್ಲಿ ಮೂರು ಮಂದಿ ಹಂಚಿಕೊಂಡಿರುವ ಮಕ್ಕಳಿಗೆ ಸದ್ದಿಲ್ಲದೆ ಎಂಟು ಗಂಟೆ ಕೂರಲು ಈ ಊರಿನಲ್ಲಿ ದುಡ್ಡು ಕೇಳದ ಜಾಗ ಬೇರೆ ಎಲ್ಲಿದೆ? 2020ರಲ್ಲಿ ಸರ್ಕಾರ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು, ಅದು ಸಂತೋಷದ ಸಂಗತಿಯೇ. ಆದರೆ ಮೇಜು, ಕುರ್ಚಿ, ಬೆಳಕು ಮತ್ತು ಮೌನ ಮೊಬೈಲ್ ಪರದೆಯ ಮೇಲೆ ಸಿಗುವುದಿಲ್ಲ.

ಈ ವರ್ಷ ಆಸ್ತಿ ತೆರಿಗೆ ಕಟ್ಟಿದ ಮೇಲೆ ಮೂಲ ತೆರಿಗೆಯನ್ನು 6ರಿಂದ ಗುಣಿಸಿ 100ರಿಂದ ಭಾಗಿಸಿ, ಬಂದ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಬಾಡಿಗೆ ಮನೆಯಲ್ಲಿರುವವರೂ ಮಾಲೀಕರನ್ನು ಕೇಳಿ ಲೆಕ್ಕ ಹಾಕಬಹುದು, ಏಕೆಂದರೆ ಆ ಹಣ ನಿಮ್ಮ ಬಾಡಿಗೆಯಿಂದಲೇ ಹೋಗಿರುತ್ತದೆ. ಆಮೇಲೆ ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ, ಕಳೆದ ವರ್ಷ ಎಷ್ಟು ಹೊಸ ಪುಸ್ತಕಗಳು ಬಂದವು ಎಂದು ಅಲ್ಲಿಯ ಗ್ರಂಥಪಾಲಕರನ್ನು ವಿಚಾರಿಸಿ. ಅವರು ಹೇಳಿದ್ದನ್ನು, ನಿಮ್ಮ ಲೆಕ್ಕದ ಜೊತೆಗೆ, ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಪತ್ರದಲ್ಲಿ ಬರೆದು ಕಳುಹಿಸಿ. ನನ್ನ ಪತ್ರವನ್ನು ನಾನು ಈ ವಾರ ಅಂಚೆಗೆ ಹಾಕುತ್ತಿದ್ದೇನೆ.