ಗಾಜಿನ ಮೇಲೆ ನಿಂತ ಚುಕ್ಕೆ

ಕೇಳುಗರಿಗೆ ನಮಸ್ಕಾರ. ಹಾರುವಾಗ ದೂರದಲ್ಲಿ ಇನ್ನೊಂದು ವಿಮಾನ ಕಂಡರೆ, ಅದು ಕಾಕ್‌ಪಿಟ್ ಗಾಜಿನ ಮೇಲೆ ಸರಿಯುತ್ತಿದೆಯೇ, ನಿಂತಲ್ಲೇ ಇದೆಯೇ ಎಂದು ಮೊದಲು ನೋಡಬೇಕು. ಸರಿಯುತ್ತಿದ್ದರೆ ಸಾಮಾನ್ಯವಾಗಿ ದಾಟಿ ಹೋಗುತ್ತದೆ. ಒಂದೇ ಕಡೆ ನಿಂತು ದೊಡ್ಡದಾಗುತ್ತಿದ್ದರೆ ಡಿಕ್ಕಿ ಕಾದಿದೆ. ಕಷ್ಟವೆಂದರೆ, ನಮ್ಮ ಕಣ್ಣು ಚಲಿಸುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಬಹಳ ಹೊತ್ತು ಚುಕ್ಕೆಯಾಗಿಯೇ ಇದ್ದದ್ದು ಕಡೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ಹಿಗ್ಗುತ್ತದೆ.

ಲೆಕ್ಕ ಹಾಕೋಣ. ತಲಾ 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗದ ಎರಡು ವಿಮಾನಗಳು ಎದುರುಬದುರಾದರೆ ಅಂತರ ಸೆಕೆಂಡಿಗೆ 103 ಮೀಟರಿನಂತೆ ಕರಗುತ್ತದೆ. ಕಂಡು, ಗುರುತಿಸಿ, ತೀರ್ಮಾನಿಸಿ, ವಿಮಾನವನ್ನು ತಿರುಗಿಸುವುದಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಹಿಡಿದಿರುವ ಹೊತ್ತು 12.5 ಸೆಕೆಂಡು. ಅಷ್ಟರಲ್ಲಿ 1,300 ಮೀಟರ್ ಹತ್ತಿರ ಮುಗಿದಿರುತ್ತದೆ. ಎದುರಿಗೆ ಬರುವ ಬಿಳಿ ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ, ಅಷ್ಟು ದೂರದಿಂದ ಮೋಡದ ಮುಂದೆ ಬರೀ ಒಂದು ಕೂದಲೆಳೆ. ಅದಕ್ಕೇ ಆಕಾಶದ ಮೇಲೆ ಕಣ್ಣನ್ನು ಸುಮ್ಮನೆ ಹಾಯಿಸಿದರೆ ಏನೂ ಸಿಗುವುದಿಲ್ಲ. ಸುಮಾರು 10 ಡಿಗ್ರಿಯಷ್ಟು ಭಾಗದಲ್ಲಿ ಒಂದು ಸೆಕೆಂಡಾದರೂ ನಿಲ್ಲಿಸಿ, ಆಮೇಲೆ ಪಕ್ಕದ ಭಾಗಕ್ಕೆ ಹೋಗಬೇಕು. ತಿರುಗುವ ಮುನ್ನ ಆ ಕಡೆಯ ರೆಕ್ಕೆಯ ಹಿಂದೆಯೂ ನೋಡಬೇಕು.

ಇನ್ನು ಯಾರು ದಾರಿ ಬಿಡಬೇಕು? ಎದುರುಬದುರಾದರೆ ಇಬ್ಬರೂ ಬಲಕ್ಕೆ. ಅಡ್ಡ ಬಂದಾಗ, ಬಲಗಡೆ ಇನ್ನೊಬ್ಬರನ್ನು ಕಾಣುವವರು ಬಿಡಬೇಕು. ಎಂಜಿನ್ ಇರುವ ವಿಮಾನ ಗ್ಲೈಡರಿಗೆ, ಗ್ಲೈಡರ್ ಬಲೂನಿಗೆ ದಾರಿ ಬಿಡಬೇಕು. ಗುಡ್ಡದ ಸಾಲಿನಲ್ಲಿ ಹಾರುವಾಗ ಬಲಕ್ಕೆ ಗುಡ್ಡವಿರುವ ಗ್ಲೈಡರಿಗೆ ಬಲಕ್ಕೆ ತಿರುಗಲು ಜಾಗವೇ ಇಲ್ಲ, ಆದ್ದರಿಂದ ಎದುರಿನವರು ಸರಿಯುತ್ತಾರೆ. ಥರ್ಮಲಿನಲ್ಲಿ, ಅಂದರೆ ಗ್ಲೈಡರುಗಳು ಸುತ್ತುತ್ತ ಮೇಲೇರುವ ಬಿಸಿ ಗಾಳಿಯ ಕಂಬದಲ್ಲಿ, ಮೊದಲು ಬಂದವರು ಸುತ್ತುವ ದಿಕ್ಕೇ ಎಲ್ಲರ ದಿಕ್ಕು. ಹೊರಗಿನಿಂದ ಸುತ್ತನ್ನು ಸವರಿಕೊಂಡು ಸೇರಬೇಕೇ ಹೊರತು ನಡುವೆ ನುಗ್ಗಬಾರದು. ಹಕ್ಕು ನಮ್ಮದೆಂದು ನೆಟ್ಟಗೆ ಹೋಗುವುದು ಮಾತ್ರ ಮೂರ್ಖತನ. ಆ ಇನ್ನೊಬ್ಬರು ನಮ್ಮನ್ನು ನೋಡಿಯೇ ಇಲ್ಲದಿರಬಹುದು.

ಆಕಾಶವನ್ನು ಹಾರಾಟದ ನಿಯಮಗಳಿಗೆ ತಕ್ಕಂತೆ ವಾಯುಪ್ರದೇಶದ ವರ್ಗಗಳಾಗಿ ಹಂಚಿದ್ದಾರೆ. ಅವುಗಳಲ್ಲಿ 'ಎ' ಬರೀ ಉಪಕರಣ ನಂಬಿ ಹಾರುವವರಿಗೆ. 'ಇ' ವರ್ಗದಲ್ಲಿ ಕಣ್ಣು ನಂಬಿ ಹಾರುವವರಿಗೆ ಅನುಮತಿ ಬೇಡ. ಆದರೆ 10,000 ಅಡಿಯ ಕೆಳಗೆ 5 ಕಿಲೋಮೀಟರ್ ಕಾಣಬೇಕು, ಮೋಡದಿಂದ ಪಕ್ಕಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ದೂರವಿರಬೇಕು. ಮೋಡದೊಳಗಿಂದ ಜೆಟ್ ವಿಮಾನ ಹೊರಬಂದರೆ ಇಬ್ಬರಿಗೂ ಒಂದಿಷ್ಟು ಹೊತ್ತು ಸಿಗಲೆಂದೇ ಈ ಅಂತರ.

2004ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಬಂದ ಫ್ಲಾರ್ಮ್ ಎಂಬ ಡಿಕ್ಕಿ ಎಚ್ಚರಿಕೆಯ ಪೆಟ್ಟಿಗೆ ತನ್ನ ಸ್ಥಾನವನ್ನೂ ಮುಂದಿನ ಹಾದಿಯ ಅಂದಾಜನ್ನೂ ರೇಡಿಯೋದಲ್ಲಿ ಸಾರುತ್ತದೆ. ಆದರೆ ಪ್ರಯಾಣಿಕ ವಿಮಾನದ ಡಿಕ್ಕಿ ತಡೆ ಯಂತ್ರಕ್ಕೆ ಅದು ಕೇಳಿಸದು. ಆ ಯಂತ್ರಕ್ಕೆ ಟ್ರಾನ್ಸ್‌ಪಾಂಡರೇ, ಅಂದರೆ ರೇಡಿಯೋ ಪ್ರಶ್ನೆಗೆ ತಾನಾಗಿ ಉತ್ತರಿಸುವ ಉಪಕರಣವೇ, ಬೇಕು. ಫ್ಲಾರ್ಮಿನಿಂದ ಎಚ್ಚರಿಕೆಯ ಸದ್ದು ಬಂದಾಗ ಪರದೆಯನ್ನು ದಿಟ್ಟಿಸುತ್ತ ಕೂರದೆ, ಅದರ ದೀಪ ತೋರಿದ ದಿಕ್ಕಿಗೆ ಕೂಡಲೇ ಹೊರಗೆ ನೋಡಿ.