ತೇಲುವ ಮಂಜುಗಡ್ಡೆಯ ಮೇಲೆ ಓಡುವ ಭಾರ

ಮಾನ್ಯ ಅಧ್ಯಕ್ಷರೇ, ಆತ್ಮೀಯ ಸಭಿಕರೇ,

1941ರ ನವೆಂಬರ್ 22ರಂದು ರಷ್ಯಾದ ಲಡೋಗಾ ಸರೋವರದ ಹೆಪ್ಪುಗಟ್ಟಿದ ಮೈಮೇಲೆ ಲಾರಿಗಳ ಮೊದಲ ಸಾಲು ಇಳಿಯಿತು. ಜರ್ಮನ್ ಸೇನೆ ಸೆಪ್ಟೆಂಬರ್ 8ರಂದೇ ಲೆನಿನ್‌ಗ್ರಾಡಿನ ನೆಲದ ದಾರಿಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಹಸಿವಿನಿಂದ ಸಾಯುತ್ತಿದ್ದ ನಗರಕ್ಕೆ ಹಿಟ್ಟು ತಲುಪಿಸಲು ಉಳಿದದ್ದು ಸುಮಾರು 30 ಕಿಲೋಮೀಟರ್ ಉದ್ದದ ಈ ಮಂಜುಗಡ್ಡೆಯ ಹಾದಿಯೊಂದೇ. ಜನ ಅದನ್ನು ‘ಜೀವದ ದಾರಿ’ ಎಂದು ಕರೆದರು. ಆ ದಾರಿಯಲ್ಲಿ ಬಹಳಷ್ಟು ಲಾರಿಗಳು ಮುಳುಗಿದವು. ಅಲ್ಲಿದ್ದವರನ್ನು ದಿಗ್ಭ್ರಮೆಗೊಳಿಸಿದ ಸಂಗತಿ ಬೇರೆಯೇ ಇತ್ತು: ತುಂಬು ಹೊರೆ ಹೊತ್ತು ನಗರದ ಕಡೆಗೆ ಬಂದ ಲಾರಿ ಕ್ಷೇಮವಾಗಿ ದಾಟುತ್ತಿತ್ತು, ಅದೇ ಲಾರಿ ಹಗುರಾಗಿ ಮರಳುವಾಗ ಅದೇ ಮಂಜುಗಡ್ಡೆ ಒಡೆಯುತ್ತಿತ್ತು. ಭಾರವನ್ನು ತಾಳಿಕೊಂಡದ್ದು ಹಗುರವಾದುದನ್ನು ತಾಳಲಿಲ್ಲವೇಕೆ ಎಂಬ ಈ ಒಂದೇ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಬಿಡಿಸಿಡಲು ಬಯಸುತ್ತೇನೆ.

ಮೊದಲು, ನಿಂತ ಭಾರವನ್ನು ನೋಡೋಣ. ನೀರಿನ ಮೇಲೆ ತೇಲುವ ಮಂಜುಗಡ್ಡೆಯ ಹಾಸು ಎರಡು ಕಂಬಗಳ ನಡುವೆ ಇಟ್ಟ ಹಲಗೆಯಂತಲ್ಲ. ಅದರ ಮೇಲೆ ಭಾರ ಇಟ್ಟಾಗ ಅದು ಬಟ್ಟಲಿನಂತೆ ತಗ್ಗುತ್ತದೆ, ತಗ್ಗಿದಷ್ಟೂ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಸರಿದ ನೀರಿನ ತೂಕದಷ್ಟೇ ಬಲ ಕೆಳಗಿನಿಂದ ಒತ್ತುತ್ತದೆ. ಹೀಗಾಗಿ ಲಾರಿಯ ಭಾರವನ್ನು ಕೊನೆಗೆ ಹೊರುವುದು ನೀರೇ. ಮಂಜುಗಡ್ಡೆ ಮಾಡುವ ಕೆಲಸವೆಂದರೆ ಆ ಭಾರವನ್ನು ಅಗಲವಾಗಿ ಹರಡುವುದು. ತೇಲುವ ಸ್ಥಿತಿಸ್ಥಾಪಕ ಫಲಕ, ಅಂದರೆ ಬಾಗಿದರೂ ಮತ್ತೆ ಮೊದಲಿನಂತಾಗುವ ಹಾಸು, ಎಷ್ಟು ಬಾಗುತ್ತದೆ ಎಂಬುದನ್ನು ಹೈನ್ರಿಕ್ ಹರ್ಟ್ಸ್ 1884ರಲ್ಲೇ ಗಣಿತದಿಂದ ತೋರಿಸಿದ್ದರು. ರೇಡಿಯೋ ಅಲೆಗಳನ್ನು ಕಂಡುಹಿಡಿದ ಅದೇ ಹರ್ಟ್ಸ್. ಬಾಗಲು ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟಾಗುತ್ತದೆ. 30 ಸೆಂಟಿಮೀಟರ್ ದಪ್ಪದ ಒಳ್ಳೆಯ ಮಂಜುಗಡ್ಡೆಯ ಮೇಲೆ ಮೂರು ಟನ್ನಿಗೆ ಸ್ವಲ್ಪ ಮೀರಿದ ಲಾರಿಯನ್ನು ನಿಲ್ಲಿಸಿದರೆ ತಗ್ಗು ಸುಮಾರು 1 ಸೆಂಟಿಮೀಟರ್ ಮಾತ್ರ, ಆದರೆ ಅದು ಹಲವು ಮೀಟರ್ ದೂರ ಹಬ್ಬಿರುತ್ತದೆ. ಹಾಗೆಂದು ಲಾರಿಯನ್ನು ಅಲ್ಲೇ ಗಂಟೆಗಟ್ಟಲೆ ಬಿಡುವಂತಿಲ್ಲ. ಹೊತ್ತು ಕಳೆದಂತೆ ಮಂಜುಗಡ್ಡೆ ಮಂದ ದ್ರವದಂತೆ ನಿಧಾನವಾಗಿ ಹರಿದು, ತಗ್ಗು ಆಳವಾಗುತ್ತಲೇ ಹೋಗುತ್ತದೆ.

ಲಾರಿ ಚಲಿಸತೊಡಗಿದೊಡನೆ ಆ ಬಟ್ಟಲೂ ಅದರ ಜೊತೆ ಸಾಗಬೇಕು. ಬಟ್ಟಲು ಸಾಗಬೇಕಾದರೆ ಕೆಳಗಿನ ನೀರು ಮುಂದೆ ಸರಿದು, ಹಿಂದೆ ಬಂದು ಕೂಡಿಕೊಳ್ಳಬೇಕು. ಇಲ್ಲಿಂದಾಚೆಗೆ ಅದು ಅಲೆಯ ವಿಷಯ. ಮಂಜುಗಡ್ಡೆ ಹೊದ್ದ ನೀರಿನಲ್ಲಿ ಅಲೆಯನ್ನು ಸಮಸ್ಥಿತಿಗೆ ಎಳೆಯುವ ಬಲಗಳು ಎರಡು: ಉದ್ದನೆಯ ಅಲೆಗಳಿಗೆ, ಅಂದರೆ ಶಿಖರದಿಂದ ಶಿಖರಕ್ಕೆ ದೂರ ಹೆಚ್ಚಿರುವವಕ್ಕೆ, ಗುರುತ್ವ; ಗಿಡ್ಡ ಅಲೆಗಳಿಗೆ ಮಂಜುಗಡ್ಡೆಯ ಬಿಗಿತ. ಅಲೆ ಉದ್ದವಾದಷ್ಟೂ ಗುರುತ್ವದಿಂದಾಗಿ ವೇಗ ಹೆಚ್ಚು, ಗಿಡ್ಡವಾದಷ್ಟೂ ಬಿಗಿತದಿಂದಾಗಿ ವೇಗ ಹೆಚ್ಚು. ಆದ್ದರಿಂದ ನಡುವೆ ಎಲ್ಲೋ ಒಂದು ಕನಿಷ್ಠ ವೇಗ ಇರಲೇಬೇಕು, ಅದಕ್ಕಿಂತ ನಿಧಾನವಾಗಿ ಯಾವ ಅಲೆಯೂ ಸಾಗಲಾರದು. ಇದಕ್ಕೆ ಕ್ರಾಂತಿಕ ವೇಗವೆನ್ನುತ್ತಾರೆ. ಇದರ ಚಿಕ್ಕ ರೂಪವನ್ನು ನಮ್ಮ ಹೊಳೆಗಳಲ್ಲೇ ನೋಡಬಹುದು: ಹರಿಯುವ ನೀರಿಗೆ ಕಡ್ಡಿಯೊಂದನ್ನು ನೆಟ್ಟಗೆ ಹಿಡಿದರೆ ಅದರ ಮುಂದೆ, ಹರಿವಿಗೆ ಎದುರಾಗಿ, ಸಣ್ಣ ಸಣ್ಣ ನೆರಿಗೆಗಳು ನಿಲ್ಲುತ್ತವೆ, ಹಿಂದೆ ಉದ್ದನೆಯ ಅಲೆಗಳು ಏಳುತ್ತವೆ. ಅಲ್ಲಿ ನೀರಿನ ಮೇಲ್ಮೈ ಸೆಳೆತ ಮಾಡುವ ಕೆಲಸವನ್ನು ಇಲ್ಲಿ ಮಂಜುಗಡ್ಡೆಯ ಬಿಗಿತ ಮಾಡುತ್ತದೆ. ವೇಗವಾಗಿ ಓಡುವ ಲಾರಿಯ ಮುಂದೆಯೂ ಗಿಡ್ಡ ಅಲೆಗಳು, ಹಿಂದೆ ಉದ್ದ ಅಲೆಗಳು.

ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವೆನಿಸುವ ಭಾಗ ಇನ್ನು ಮುಂದಿನದು. ಅಲೆಯ ಶಿಖರ ಸಾಗುವ ವೇಗ ಒಂದು, ಅಲೆ ಹೊತ್ತ ಶಕ್ತಿ ಸಾಗುವ ವೇಗ ಇನ್ನೊಂದು. ಸಾಮಾನ್ಯವಾಗಿ ಇವು ಬೇರೆಬೇರೆ. ಕನಿಷ್ಠ ವೇಗದ ಆ ಒಂದು ಬಿಂದುವಿನಲ್ಲಿ ಮಾತ್ರ ಎರಡೂ ಒಂದಾಗುತ್ತವೆ. ಲಾರಿ ಸರಿಯಾಗಿ ಅದೇ ವೇಗದಲ್ಲಿ ಓಡಿದರೆ, ಅದು ಮಂಜುಗಡ್ಡೆಗೆ ಕೊಡುವ ಶಕ್ತಿ ಮುಂದಕ್ಕೂ ಹೋಗದೆ ಹಿಂದಕ್ಕೂ ಉಳಿಯದೆ ಅದರ ಚಕ್ರದಡಿಯಲ್ಲೇ ಕೂಡುತ್ತ ಹೋಗುತ್ತದೆ. ತಗ್ಗು ಆಳವಾಗುತ್ತದೆ, ಕಿರಿದಾಗುತ್ತದೆ, ಕೊನೆಗೆ ಹಾಸು ಬಿರಿಯುತ್ತದೆ.

ಲೆಕ್ಕ ಹಾಕಿದರೆ, ಆಳವಾದ ನೀರಿನ ಮೇಲಿನ 20 ಸೆಂಟಿಮೀಟರ್ ಮಂಜುಗಡ್ಡೆಗೆ ಈ ವೇಗ ಗಂಟೆಗೆ ಸುಮಾರು 33 ಕಿಲೋಮೀಟರ್, 1 ಮೀಟರ್ ದಪ್ಪಕ್ಕೆ ಸುಮಾರು 60. ಆಳ ಕಡಿಮೆಯಿದ್ದಲ್ಲಿ ಅದು ಇನ್ನೂ ಇಳಿಯುತ್ತದೆ. 4 ಮೀಟರ್ ನೀರಿನಲ್ಲಿ ಅದು 23ನ್ನು ಮೀರಲಾರದು. ಲೆನಿನ್‌ಗ್ರಾಡಿನ ಭೌತ-ತಾಂತ್ರಿಕ ಸಂಸ್ಥೆಯಲ್ಲಿ ಪಾವೆಲ್ ಕೊಬೆಕೊ ಅವರ ಜೊತೆಗಿದ್ದ ನೌಮ್ ರೇಯ್ನೊವ್, ಮಂಜುಗಡ್ಡೆಯ ಏರಿಳಿತವನ್ನು ತಾನಾಗಿಯೇ ದಾಖಲಿಸುವ ಉಪಕರಣವನ್ನು ಮುತ್ತಿಗೆಯ ನಡುವೆಯೇ ಸಿಕ್ಕಿದ ಸಾಮಗ್ರಿಗಳಿಂದ ಕಟ್ಟಿದರು. ಅವರ ಅಳತೆಗಳಲ್ಲಿ ಅಪಾಯದ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್ ಎಂದು ಕಂಡಿತು. ಹೊರೆ ಹೊತ್ತ ಲಾರಿಗೆ ಆ ವೇಗ ಹತ್ತುತ್ತಿರಲಿಲ್ಲ. ಹಗುರಾದ ಲಾರಿ ಸರಾಗವಾಗಿ ಅದನ್ನು ಮುಟ್ಟುತ್ತಿತ್ತು. ಅಳತೆಯ ಆಧಾರದ ಮೇಲೆ ವೇಗಕ್ಕೂ ಲಾರಿಗಳ ನಡುವಿನ ಅಂತರಕ್ಕೂ ನಿಯಮಗಳು ಬಂದವು.

ಜಪಾನಿನ ಹೊಕ್ಕೈಡೊ ದ್ವೀಪದ ಸರೋಮಾ ಸರೋವರದಲ್ಲಿ ತಕಿಜಾವಾ ಎಂಬ ವಿಜ್ಞಾನಿ ಹಿಮವಾಹನ ಓಡಿಸಿ ಮಾಡಿದ ಅಳತೆಗಳು 1985ರಲ್ಲಿ ಪ್ರಕಟವಾದವು. ವೇಗ ಹೆಚ್ಚಿದಂತೆ ತಗ್ಗಿನ ಅತಿ ಆಳದ ಜಾಗ ವಾಹನದ ಕೆಳಗಿರದೆ ಅದರ ಹಿಂದೆ ಬೀಳುವುದನ್ನು ಅವು ಸ್ಪಷ್ಟವಾಗಿ ತೋರಿಸಿದವು. ಕೆನಡಾದ ವಾಯವ್ಯ ಪ್ರಾಂತ್ಯದ ವಜ್ರದ ಗಣಿಗಳಿಗೆ ಸರೋವರಗಳ ಮೇಲೆ ಹೋಗುವ ಚಳಿಗಾಲದ ರಸ್ತೆಯಲ್ಲಿ ತುಂಬಿದ ಟ್ರಕ್ಕುಗಳು ಇಂದಿಗೂ ಗಂಟೆಗೆ 25 ಕಿಲೋಮೀಟರ್ ಮೀರುವಂತಿಲ್ಲ, ದಡ ಹತ್ತಿರವಾದಾಗ ಇನ್ನೂ ನಿಧಾನ. ಅದೇ ಕೆನಡಾದ ಕರಾವಳಿ ಕಾವಲು ಪಡೆ ಇದೇ ತತ್ವವನ್ನು ತಿರುಗಿಸಿ ಬಳಸುತ್ತದೆ: ಪ್ರವಾಹ ತಡೆಯಲು ನದಿಯ ಮಂಜುಗಡ್ಡೆಯ ಮೇಲೆ ಗಾಳಿಯ ಮೆತ್ತೆಯ ಮೇಲೆ ಸಾಗುವ ಹೋವರ್‌ಕ್ರಾಫ್ಟನ್ನು ಬೇಕೆಂದೇ ಓಡಿಸಿ, ಅದು ಎಬ್ಬಿಸುವ ಅಲೆಯಿಂದಲೇ ಹಾಸನ್ನು ಮುರಿಯುತ್ತದೆ.

ಅಲೆ ಏಳಲು ವಾಹನವೇ ಬೇಕೆಂದಿಲ್ಲ, ಕಡಲೇ ಅದನ್ನು ಕಳಿಸಬಹುದು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಎದ್ದ ಸುನಾಮಿ ಸುಮಾರು 13,000 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಅಂಟಾರ್ಕ್ಟಿಕಾದ ನೆಲದಿಂದ ಕಡಲಿಗೆ ಚಾಚಿ ತೇಲುವ ಸುಲ್ಜ್‌ಬರ್ಗರ್ ಹಿಮಹಾಸನ್ನು ಮುಟ್ಟಿತು. ಅಷ್ಟರಲ್ಲಿ ಅದರ ಎತ್ತರ ಸುಮಾರು 30 ಸೆಂಟಿಮೀಟರಿಗೆ ಇಳಿದಿತ್ತು. ಹಿಮಹಾಸಿನ ದಪ್ಪ ಸುಮಾರು 80 ಮೀಟರ್. ಆದರೂ ಒಂದರ ಹಿಂದೊಂದು ಬಂದ ಆ ಕಡಿಮೆ ಎತ್ತರದ ಅಲೆಗಳು ಅದನ್ನು ಮತ್ತೆ ಮತ್ತೆ ಬಾಗಿಸಿ, 46 ವರ್ಷಗಳಿಂದ ಅಲುಗದೆ ಇದ್ದ ಅಂಚಿನಿಂದ ಒಟ್ಟು 125 ಚದರ ಕಿಲೋಮೀಟರಿನಷ್ಟು ಮಂಜುಗಡ್ಡೆಯನ್ನು ಕಡಿದವು. ಅಲೆಗಳ ಹೊಡೆತವನ್ನು ತಗ್ಗಿಸಬಲ್ಲ ಕಡಲ ಮಂಜುಗಡ್ಡೆ ಆ ದಿನ ಅದರ ಮುಂದೆ ಇರಲಿಲ್ಲ.